ಒಂದು ಸಲ ಹಾರಿಸಿ ತೋರಿಸು

ಹಳೆಯ ಯುದ್ಧವಿಮಾನದ ಪ್ರಾಣ ಎಂಜಿನ್ನಿನಲ್ಲಿಲ್ಲ, ರೆಕ್ಕೆಯಲ್ಲೂ ಇಲ್ಲ. ಚಾಲಕನ ಆಸನದ ಪಕ್ಕದ ಚೌಕಟ್ಟಿಗೆ ರಿವೆಟ್ ಹೊಡೆದು ಕೂರಿಸಿದ, ಬೆಂಕಿಪೊಟ್ಟಣದಷ್ಟೇ ಅಗಲದ ಒಂದು ತಗಡಿನಲ್ಲಿದೆ. ತಗಡಿನ ಮೇಲೊಂದು ನಂಬರು. ರೆಕ್ಕೆ ಹೊಸದಿರಲಿ, ಬಾಲ ಹೊಸದಿರಲಿ, ಮೂತಿಯನ್ನು ಹೋದ ತಿಂಗಳು ಮಾಡಿಸಿದ್ದಿರಲಿ, ಆ ತಗಡು ಅಸಲಿಯಾದರೆ ವಿಮಾನ ಅಸಲಿ. ಸಾವಿರದ ಒಂಬೈನೂರ ನಲವತ್ತರ ಬೇಸಿಗೆಯಲ್ಲಿ ಇದೇ ಆಕಾಶದಲ್ಲಿ ಗುಂಡು ಹಾರಿಸಿದ್ದು ಇದೇ ಎಂದು ದೊಡ್ಡ ದೊಡ್ಡವರು ಟೊಪ್ಪಿ ತೆಗೆಯುತ್ತಾರೆ. ಆ ತಗಡಿಲ್ಲದಿದ್ದರೆ ಇಡೀ ವಿಮಾನವೇ ತಗಡು.

ನೆವಿಲ್ ಪ್ಯಾಸ್ಕ್ ಮೂವತ್ತೊಂದು ವರ್ಷಗಳಿಂದ ಈ ವಿಮಾನಗಳ ದಲ್ಲಾಳಿ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದು ಗಾದೆ ಮಾಡಿದವರು ತಮಾಷೆಗೆ ಮಾಡಿದ್ದು. ನೆವಿಲ್‌ನ ಪೇಟೆಯಲ್ಲಿ ಸತ್ತ ಎಮ್ಮೆ ನಿಜವಾಗಿಯೂ ಹಾಲು ಕರೆಯುತ್ತದೆ. ನೆಲಕ್ಕೆ ಬಿದ್ದು ಮೂಟೆಯಾದ ವಿಮಾನಕ್ಕೂ, ತಗಡು ಮತ್ತು ಕಾಗದಪತ್ರ ನೆಟ್ಟಗಿದ್ದರೆ, ಗಿರಾಕಿ ಇದ್ದಾನೆ. ಆ ತಗಡಿನ ಸುತ್ತ ಮತ್ತೊಂದು ವಿಮಾನ ಕಟ್ಟುತ್ತಾನೆ, ಅದೇ ನಂಬರು ಬರೆಯುತ್ತಾನೆ, ಹಾರಿಸುತ್ತಾನೆ. ಇದು ಮೋಸವಲ್ಲ. ಎಲ್ಲರೂ ಒಪ್ಪಿಕೊಂಡಿರುವ ಪುನರ್ಜನ್ಮ.

ಆ ಬುಧವಾರ ಬೆಳಿಗ್ಗೆ ಅವನು ಥಾರ್ನ್‌ಫೆನ್ ವಿಮಾನಮೈದಾನದ ಮೂರನೇ ಹ್ಯಾಂಗರಿಗೆ ಬಂದಾಗ ಅಕ್ಟೋಬರಿನ ಮಂಜು ರನ್‌ವೇಯ ಹುಲ್ಲಿನ ಮೇಲೆ ಮೊಣಕಾಲುದ್ದಕ್ಕೆ ನಿಂತಿತ್ತು. ಒಳಗೆ ಮುದುಕ ಮೆಕ್ಯಾನಿಕ್ ರೆಗ್ ತರ್ಟಲ್ ಮರದ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು ಹರಿಕೇನ್ ಎಂಬ ಹಳೆಯ ಯುದ್ಧವಿಮಾನದ ಚೂರುಗಳಿಗೆ ಚೀಟಿ ಕಟ್ಟುತ್ತಿದ್ದ. ಹದಿನಾರು ವರ್ಷ ಅದನ್ನು ಹಾರುವಂತೆ ಇಟ್ಟವನು ಅವನು. ಈಗ ಚೂರುಗಳ ಹೆಸರು ಬರೆಯುವವನೂ ಅವನೇ.

"ಬಂದ್ಯೇನಪ್ಪ ಹದ್ದುರಾಯ?" ರೆಗ್ ತಲೆ ಎತ್ತದೆ ಕೇಳಿದ.

"ಹದ್ದಲ್ಲ ಕಣೋ, ದಲ್ಲಾಳಿ. ಹದ್ದು ಕಮಿಷನ್ ತಗೊಳಲ್ಲ."

"ಅದಕ್ಕೇ ಹದ್ದಿನ ಮೇಲೆ ನಂಗೆ ಗೌರವ ಜಾಸ್ತಿ."

ಜುಲೈ ತಿಂಗಳ ಎರಡನೇ ಭಾನುವಾರ, ವಿಮಾನ ಪ್ರದರ್ಶನದ ದಿನ, ಇದರ ಒಡೆಯ ಡಂಕನ್ ಮೇಹ್ಯೂ ಈ ಹರಿಕೇನನ್ನು ಜನರ ಮುಂದೆ ತಗ್ಗಾಗಿ ತಿರುಗಿಸಹೋಗಿ ರನ್‌ವೇ ಆಚೆಯ ಗೋಧಿ ಹೊಲಕ್ಕೆ ಬಿದ್ದು ಸತ್ತ. ತನಿಖೆಯವರು ಚೂರುಗಳನ್ನೆಲ್ಲ ಹನ್ನೊಂದು ವಾರ ಇಟ್ಟುಕೊಂಡು, ಯಂತ್ರದಲ್ಲಿ ದೋಷ ಕಂಡುಬಂದಿಲ್ಲ ಎಂದು ಒಂದು ಹಾಳೆ ಬರೆದು ಹಿಂದಿರುಗಿಸಿದರು. ಆ ಹಾಳೆ ಓದಿದ ದಿನ ರೆಗ್ ಹ್ಯಾಂಗರಿನ ಹಿಂದೆ ಹೋಗಿ ಬಹಳ ಹೊತ್ತು ನಿಂತಿದ್ದನಂತೆ. ದೋಷ ತನ್ನದಲ್ಲ ಎಂಬ ಸಮಾಧಾನಕ್ಕೇ ಅವನಿಗೆ ನಾಚಿಕೆಯಾಗಿತ್ತು.

"ಮಧ್ಯಾಹ್ನ ಬರ್ತಾನಲ್ಲ, ಆ ಟೆಕ್ಸಸ್ ದೊರೆ. ಹೇಗೆ ಮಾತಾಡ್ತಾನೆ?" ರೆಗ್ ಕೇಳಿದ.

ನೆವಿಲ್ ಸೊಂಟಕ್ಕೆ ಕೈ ಕೊಟ್ಟು, ಇಲ್ಲದ ದೊಡ್ಡ ಟೊಪ್ಪಿಯನ್ನು ಹಿಂದಕ್ಕೆ ತಳ್ಳಿದ. ಅವನ ಗಲ್ಲ ಅಗಲವಾಯಿತು, ಮಾತು ಮೂಗಿಗೆ ಏರಿತು. "ಸಾರ್, ಆ ಹಕ್ಕಿ ನಂಗೆ ಬೇಕೇ ಬೇಕು ಸಾರ್! ಪುಡಿ ಆಗಿದ್ರೂ ಪರ್ವಾಗಿಲ್ಲ ಸಾರ್, ಪೊಟ್ಲ ಕಟ್ಟಿಸ್ಕೊಂಡು ಹೋಗ್ತೀನಿ!"

ರೆಗ್‌ನ ಭುಜ ಒಂದು ಸಲ ಕುಲುಕಿತು. ಅಷ್ಟೇ ಅವನ ನಗು.

ನೆವಿಲ್‌ನ ಗಂಟಲು ಊರಿಗೇ ಪ್ರಸಿದ್ಧ. ಪಾದ್ರಿಯ ಕೆಮ್ಮು, ಕಂಟ್ರೋಲ್ ಟವರಿನವನ ಗೊಗ್ಗರು ದನಿ, ಚಳಿಗೆ ಹಟ ಹಿಡಿದ ಎಂಜಿನ್ ಕೊನೆಗೆ ಹತ್ತಿಕೊಳ್ಳುವಾಗಿನ ಗುಡುಗುಡು, ಎಲ್ಲವೂ ಅದರೊಳಗೆ ಬಾಡಿಗೆಗಿದ್ದವು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಡಂಕನ್‌ನ ದನಿ. ಒಮ್ಮೆ ಅವನ ಮನೆಗೆ ಫೋನ್ ಮಾಡಿ ಅವನದೇ ದನಿಯಲ್ಲಿ, "ಆರು ಜನ ಬರ್ತಿದ್ದಾರೆ, ಆಲೂಗಡ್ಡೆ ಬೇಯೋಕೆ ಹಾಕು" ಎಂದು ಹೇಳಿದ್ದ. ಡಂಕನ್‌ನ ಹೆಂಡತಿ ರೋವೆನಾ ಅದನ್ನು ನಂಬಿ ಒಂದು ಹಂಡೆ ಆಲೂಗಡ್ಡೆ ಬೇಯಿಸಿಟ್ಟು, ನಾಲ್ಕು ದಿನ ಗಂಡ ಹೆಂಡಿರಿಬ್ಬರೂ ಅದನ್ನೇ ತಿಂದಿದ್ದರು.

"ಜುಲೈಯಿಂದ ನೀನು ಅವನ ದನಿ ಮಾಡಿಲ್ಲ," ರೆಗ್ ಹೇಳಿದ.

"ಗಂಟಲು ಸರಿಯಿಲ್ಲ."

"ಟೆಕ್ಸಸ್‌ಗೆ ಸರಿಯಿದೆ."

ನೆವಿಲ್ ಒಂದು ಚೀಟಿ ಎತ್ತಿ ಓದಿ ಮತ್ತೆ ಇಟ್ಟ. ನಿಜವಾದ ಉತ್ತರ ಅವನ ಹತ್ತಿರ ಇತ್ತು. ಜೂನ್ ಹತ್ತೊಂಬತ್ತರಿಂದ ಇತ್ತು. ಅಂದು ಡಂಕನ್ ಫೋನ್ ಮಾಡಿ, ವಿಮಾನ ಮಾರಿಬಿಡು, ಇನ್ನು ನಾನು ಹಾರಿಸುವುದಿಲ್ಲ ಎಂದಿದ್ದ. ನೆವಿಲ್ ಬೇಡ ಎಂದಿದ್ದ. ಜುಲೈ ಪ್ರದರ್ಶನಕ್ಕೆ ಗಿರಾಕಿಯನ್ನು ಕರೆಸುತ್ತೇನೆ, ಅವನ ಕಣ್ಣೆದುರು ಒಂದು ಸಲ ಹಾರಿಸಿ ತೋರಿಸು ಎಂದಿದ್ದ. ಇದು ಈ ಪೇಟೆಯ ನಿತ್ಯದ ಮಾತು. ನಿಂತ ವಿಮಾನಕ್ಕೂ ಹಾರುವ ವಿಮಾನಕ್ಕೂ ಬೆಲೆಯಲ್ಲಿ ನೆಲ ಮುಗಿಲಿನ ಅಂತರ. ಹಾರಾಟವಿದ್ದರೆ ಮಾರಾಟ ಎಂದು ನೆವಿಲ್ ತನ್ನ ವಿಸಿಟಿಂಗ್ ಕಾರ್ಡಿನ ಹಿಂದೆಯೇ ಅಚ್ಚು ಹಾಕಿಸಿದ್ದ. ಡಂಕನ್ ಒಂದು ಸಲ ಹಾರಿಸಿ ತೋರಿಸಿದ.

ಇದು ರೋವೆನಾಳಿಗೆ ಗೊತ್ತಿರಲಿಲ್ಲ. ಗಂಡ ತನ್ನಿಷ್ಟದ ಕೆಲಸ ಮಾಡುತ್ತಲೇ ಹೋದ ಎಂದು ಚರ್ಚಿನಲ್ಲಿ ಎಲ್ಲರೂ ಅವಳಿಗೆ ಹೇಳಿದ್ದರು. ನೆವಿಲ್ ಕೂಡ, ಕೈ ಹಿಡಿದುಕೊಂಡು, ಅದನ್ನೇ ಹೇಳಿದ್ದ. ಅವಳಿಗೆ ಗೊತ್ತಾದರೆ ಇಪ್ಪತ್ತು ವರ್ಷದ ಆ ಮನೆಯ ಬಾಗಿಲು ತನಗೆ ಮುಚ್ಚಿತು ಎಂದು ಅವನಿಗೆ ಗೊತ್ತಿತ್ತು. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಕ್ರಿಸ್‌ಮಸ್ ಊಟ, ಹುಟ್ಟುಹಬ್ಬದ ಕೇಕು, ಜ್ವರ ಬಂದಾಗಿನ ಸೂಪು, ಎಲ್ಲ ಆ ಒಂದೇ ಅಡುಗೆಮನೆಯದು.

ಗೊತ್ತಾಗುವ ದಾರಿ ಒಂದೇ ಒಂದಿತ್ತು. ಆ ದಾರಿ ಮಧ್ಯಾಹ್ನ ಮೂರಕ್ಕೆ ದೊಡ್ಡ ಟೊಪ್ಪಿ ಹಾಕಿಕೊಂಡು ಬರುವುದಿತ್ತು. ನೆವಿಲ್ ಹೊರಗೆ ಬಂದು ಹೋಟೆಲಿಗೆ ಫೋನ್ ಮಾಡಿದ.

"ಡ್ವೇನ್, ಒಂದು ಸಣ್ಣ ವಿಷಯ. ಜುಲೈಗೆ ನೀವು ಬಂದಿದ್ದು ರೋವೆನಾ ಮುಂದೆ ಹೇಳೋದು ಬೇಡ. ಅವರಿಗೆ ನೋವಾಗುತ್ತೆ."

"ಅಯ್ಯೋ, ಖಂಡಿತ ಸಾರ್," ಟೆಕ್ಸಸ್‌ನ ಡ್ವೇನ್ ಹಾಲಿಸ್ಟರ್ ಅಂದ. "ನಮ್ಮಮ್ಮನ ಆಣೆ, ಬಾಯಿಗೆ ಬೀಗ. ನಾನು ಜುಲೈನಲ್ಲಿ ಎಲ್ಲಿದ್ದೆ? ದನ ಕಾಯ್ತಿದ್ದೆ."

ಒಳ್ಳೆಯ ಮನುಷ್ಯ. ಕೇಳಿದ್ದಕ್ಕಿಂತ ಹೆಚ್ಚೇ ಸುಳ್ಳು ಕೊಡುವವನು. ಅಲ್ಲಿಗೆ ಆ ದಾರಿಯೂ ಮುಚ್ಚಿತು. ನೆವಿಲ್ ಕಾರು ಹತ್ತಿ, ನಾಲ್ಕು ಮೈಲಿ ದೂರದ ಮೇಹ್ಯೂ ಮನೆಗೆ ತಗಡು ಕೇಳಲು ಹೊರಟ. ದಾರಿಯುದ್ದಕ್ಕೂ, ತಾನು ರೋ ಎಂದು ಕರೆಯುವ ರೋವೆನಾಳಿಗೆ ಹೇಳಬೇಕಾದ ಒಂದೇ ವಾಕ್ಯವನ್ನು ನಾನಾ ಬಗೆಯಲ್ಲಿ ಹೇಳಿಕೊಂಡು ನೋಡಿದ. ಅವನೇ ಹೇಳ್ತಿದ್ದ ರೋ, ನಾನು ಹೋದ್ರೂ ಅದು ಹಾರ್ತಿರ್ಬೇಕು ಅಂತ. ಮೆಲ್ಲಗೆ ಹೇಳಿದರೆ ಚೆನ್ನಾಗಿತ್ತು.

ರೋವೆನಾ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಅಳುವಾಗಲೂ ಉತ್ತರದ ಕೆಳಗೆ ಎರಡು ಗೆರೆ ಎಳೆಯುವ ಜಾತಿ. ನೆವಿಲ್ ಒಳಗೆ ಬಂದಾಗ ಕೆಟಲ್ ಕುದಿಯುತ್ತಿತ್ತು, ಮೇಜಿನ ಮೇಲೆ ಒಂದು ಕಂದು ಲಕೋಟೆ ಬಿದ್ದಿತ್ತು, ಒಲೆಯ ಪಕ್ಕ ಡಂಕನ್‌ನ ಮುದಿ ನಾಯಿ ಮಫಿನ್ ಮಲಗಿತ್ತು.

"ಕೂತ್ಕೋ. ನಿಂಬೆ ಕೇಕ್ ಇದೆ, ಪಕ್ಕದ್ಮನೆಯವಳು ತಂದಿದ್ದು. ಗಂಡ ಸತ್ರೆ ಎಷ್ಟು ಕೇಕ್ ಬರುತ್ತೆ ಗೊತ್ತಾ ನೆವ್? ಇಪ್ಪತ್ಮೂರು. ಲೆಕ್ಕ ಇಟ್ಟಿದೀನಿ."

"ನಾನು ಸತ್ರೆ ಒಂದು ರಸ್ಕೂ ಬರಲ್ಲ."

"ನಾನು ತರ್ತೀನಿ ಬಿಡು, ಒಂದು ಪ್ಯಾಕೆಟ್ಟು." ಅವಳು ಟೀ ಸುರಿದು ಹಾಲಿನ ಜಗ್ಗನ್ನು ಅವನತ್ತ ತಳ್ಳಿದಳು. ಆಮೇಲೆ ಲಕೋಟೆಯನ್ನು ಮೇಜಿನ ಮೇಲೆ ಸುರಿದಳು. ಒಂದು ಕೈಗಡಿಯಾರ, ಒಂದು ಉಂಗುರ, ಒಂದು ತಗಡು. "ತನಿಖೆಯವರು ಮೂರನ್ನೂ ಒಂದೇ ಲಕೋಟೇಲಿ ಹಾಕಿ ಕಳಿಸಿದ್ರು. ಗಡಿಯಾರ ನಡೀತಿದೆ."

ನೆವಿಲ್ ತಗಡನ್ನು ನೋಡಿದ, ಮುಟ್ಟಲಿಲ್ಲ. ಒಂದು ಮೂಲೆ ಬಗ್ಗಿತ್ತು. ನಂಬರು ಸ್ಪಷ್ಟವಾಗಿತ್ತು.

"ಹನ್ನೊಂದು ಜನ ಫೋನ್ ಮಾಡಿದ್ರು ಇದಕ್ಕೆ," ಅವಳು ಹೇಳಿದಳು. "ಒಬ್ಬನಂತೂ ಮಣ್ಣು ಮಾಡೋ ದಿನ ಚರ್ಚ್ ಬಾಗಿಲಲ್ಲಿ ಕೈ ಕುಲುಕಿ, ಕೈಯೊಳಗೇ ಬೆಲೆ ಬರೆದ ಚೀಟಿ ಇಟ್ಟ. ಪಾಪ, ಎರಡು ಕಣ್ಣಲ್ಲೂ ನೀರಿತ್ತು. ನಿಮ್ಮ ಜನ ಎಂಥವರೋ ನಂಗೆ ಅರ್ಥ ಆಗಲ್ಲ ನೆವ್. ನಿಜವಾಗ್ಲೂ ಅಳ್ತೀರಿ, ನಿಜವಾಗ್ಲೂ ಬೆಲೆ ಕೇಳ್ತೀರಿ."

"ಎರಡೂ ಒಟ್ಟಿಗೇ ಬರುತ್ತೆ ರೋ. ತಡೆಯೋಕಾಗಲ್ಲ."

"ಸರಿ, ಕೇಳು. ರೆಗ್ ಹೇಳ್ತಾನೆ, ಹೂತುಬಿಡು ಅಂತ. ನನ್ನ ತಂಗಿ ಹೇಳ್ತಾಳೆ, ಮಾರು ಅಂತ. ನಂಗೆ ಎರಡೂ ಬೇಕಿಲ್ಲ. ಡಂಕನ್‌ಗೆ ಏನು ಬೇಕಿತ್ತು ಅದನ್ನ ಮಾಡ್ತೀನಿ. ಅದು ಮತ್ತೆ ಹಾರ್ಬೇಕು ಅಂತ ಅವನಿಗಿದ್ರೆ, ಈ ತಗಡು ಇವತ್ತೇ ನಿನ್ನ ಟೊಪ್ಪಿವಾಲನಿಗೆ. ಇಲ್ಲಾಂದ್ರೆ ಹಿತ್ತಲಲ್ಲಿ ಪೇರ್ ಮರದ ಬುಡ ಇದೆ, ಗುದ್ದಲಿ ಇದೆ. ಅವನು ನೆಲದ ಮೇಲೆ ಹೇಗಿದ್ದ ಅಂತ ನಂಗೊತ್ತು. ಮೇಲಿನ ವಿಷಯ ಎಲ್ಲ ನಿನ್ನ ಹತ್ರ ಮಾತಾಡ್ತಿದ್ದ. ಏನಂತಿದ್ದ ಹೇಳು."

ಕಾರಿನಲ್ಲಿ ಹದ ಮಾಡಿಟ್ಟುಕೊಂಡಿದ್ದ ವಾಕ್ಯ ನಾಲಿಗೆಯ ತುದಿಗೆ ತಾನೇ ಬಂತು.

"ಅವನೇ ಹೇಳ್ತಿದ್ದ ರೋ," ನೆವಿಲ್ ಮೆಲ್ಲಗೆ ಹೇಳಿದ. "ನಾನು ಹೋದ್ರೂ ಅದು ಹಾರ್ತಿರ್ಬೇಕು ಅಂತ."

ಅವಳು ಅವನ ಮುಖವನ್ನೇ ನೋಡಿದಳು. ಹುಡುಗರು ಉತ್ತರ ಮಾತ್ರ ಬರೆದು ಲೆಕ್ಕ ಬಿಡಿಸಿದ್ದನ್ನು ತೋರಿಸದಿದ್ದಾಗ ನೋಡುತ್ತಿದ್ದ ನೋಟ.

"ಹಾಗಂತ ಅಂದ್ನಾ?"

"ಅಂದ."

"ಅವನ ದನೀಲಿ ಹೇಳು."

"ರೋ, ಬೇಡ."

"ನೀನು ಮಾಡ್ತಿದ್ಯಲ್ಲ. ನಂಗೇ ಮೋಸ ಮಾಡಿ ನನ್ನ ಕೈಲಿ ಆಲೂಗಡ್ಡೆ ಬೇಯಿಸಿದ್ಯಲ್ಲ. ಅವನ ದನೀಲಿ ಹೇಳು. ಅವನು ಆಡಿದ್ದ ಮಾತೇ ಆದ್ರೆ ಕೇಳಿದ ಕೂಡ್ಲೆ ನಂಗೆ ಗೊತ್ತಾಗುತ್ತೆ." ಅವಳ ದನಿ ಇಳಿಯಿತು. "ಮೂರು ತಿಂಗಳಾಯ್ತು ಕೇಳಿ. ಫೋನಲ್ಲಿ ಅವನ ಒಂದು ಮೆಸೇಜೂ ಉಳಿದಿಲ್ಲ. ಜಾಗ ಸಾಲಲ್ಲ ಅಂತ ನಾನೇ ಅಳಿಸ್ತಿದ್ದೆ."

ಬೇರೆಯವರ ದನಿ ಮಾಡುವುದಕ್ಕೂ ಒಂದು ಹಿಡಿ ಬೇಕು. ಬಾವಿಯಿಂದ ಕೊಡ ಎಳೆಯಲು ಹಗ್ಗದ ತುದಿ ಬೇಕಾಗುವ ಹಾಗೆ. ಆ ಮನುಷ್ಯ ನಿಜವಾಗಿ ಆಡಿದ ಮೊದಲ ನಾಲ್ಕು ಪದ ಸಿಕ್ಕಿದರೆ, ಹಿಂದೆಯೇ ಗಂಟಲು ಬರುತ್ತದೆ, ಗಂಟಲ ಹಿಂದೆ ಮುಖ, ಮುಖದ ಹಿಂದೆ ಇಡೀ ಮನುಷ್ಯ. ನೆವಿಲ್ ಕಣ್ಣು ಮುಚ್ಚಿ, ನಾನು ಹೋದ್ರೂ ಎಂದು ಶುರು ಮಾಡಲು ನೋಡಿದ. ಬರೀ ನೆವಿಲ್ ಬಂದ. ಎರಡನೇ ಸಲ ನೋಡಿದ. ಟವರಿನವನು ಬಂದ, ಪಾದ್ರಿ ಬಂದ, ಡಂಕನ್ ಬರಲಿಲ್ಲ. ಡಂಕನ್ ಆಡದ ಮಾತಿಗೆ ಡಂಕನ್‌ನ ದನಿ ಎಲ್ಲಿಂದ ಬರಬೇಕು? ಒಂದೇ ಒಂದು ಹಗ್ಗದ ತುದಿ ಕೈಗೆ ಹತ್ತಿರವಿತ್ತು. ಅದನ್ನು ಹಿಡಿದರೆ ಏನು ಮೇಲೆ ಬರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ರೋವೆನಾ ಕಾಯುತ್ತಿದ್ದಳು, ಎರಡೂ ಅಂಗೈ ಮೇಜಿನ ಮೇಲಿಟ್ಟು.

"ನೆವ್," ಎಂದಿತು ನೆವಿಲ್‌ನ ಬಾಯಿ. ಮೊದಲೊಂದು ಸಣ್ಣ ಕೆಮ್ಮು, ಆಮೇಲೆ ಎದೆಯಿಂದ ಎಳೆದ ಆ ನಿಧಾನದ ಮಾತು. "ಬಿಡುವಾಗಿದ್ದೀಯೇನೋ? ಒಂದು ಮಾತು, ಅಷ್ಟೇಯ."

ರೋವೆನಾಳ ಕೈ ಬಾಯಿಗೆ ಹೋಯಿತು. ಮಫಿನ್ ತಲೆ ಎತ್ತಿ ನೆವಿಲ್‌ನನ್ನು ಒಮ್ಮೆ ನೋಡಿ, ಮತ್ತೆ ಕಾಲಿನ ಮೇಲೆ ಮೂತಿ ಇಟ್ಟಿತು. ನಾಯಿ ಮೋಸ ಹೋಗಲಿಲ್ಲ.

"ಮಾರಿಬಿಡೋಣ ಕಣೋ ಇದನ್ನ. ಇಲ್ಲ, ಹುಷಾರಾಗೇ ಇದೀನಿ. ತಿರುವಲ್ಲಿ ಕತ್ತು ಹೊರಳಿಸಿದ್ರೆ ಕಣ್ಣು ಜೊತೆಗೆ ಬರಲ್ಲ ಈಗೀಗ. ಕತ್ತು ಮೊದ್ಲು ಹೋಗುತ್ತೆ, ಕಣ್ಣು ಆಮೇಲೆ. ಅರ್ಧ ಕ್ಷಣ, ಅಷ್ಟೇಯ. ಆದ್ರೆ ಅಲ್ಲಿ ಅರ್ಧ ಕ್ಷಣ ಅಂದ್ರೆ ನಿಂಗೊತ್ತಲ್ಲ. ಸಾಕು ನೆವ್. ಆಸೆ ಮುಗೀತು. ರೋ ಹತ್ರ ಹೇಳ್ಬೇಡ, ನಾನೇ ಹೇಳ್ತೀನಿ. ಪೋರ್ಚುಗಲ್‌ಗೆ ಕರ್ಕೊಂಡ್ಹೋಗಿ, ಸಮುದ್ರದ ಮುಂದೆ ಕೂರಿಸಿ, ಇನ್ಮೇಲೆ ಭಾನುವಾರ ಎಲ್ಲ ನಿಂದೇ ಕಣೇ ಅಂತ ಹೇಳ್ತೀನಿ. ಅವಳು ನಂಬಲ್ಲ, ನೋಡ್ತಿರು."

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಮಾರಾಟವೂ ಆಗುತ್ತಿತ್ತು, ಅವನೂ ಉಳಿಯುತ್ತಿದ್ದ. ಮಾರು ಎಂದು ಡಂಕನ್ ಬಾಯಿಬಿಟ್ಟು ಹೇಳಿಯಾಗಿತ್ತಲ್ಲ. ಆದರೆ ಫೋನಿನ ಆ ತುದಿ ಬಂದಮೇಲೆ ಈ ತುದಿ ಬರದೆ ಇರಲಿಲ್ಲ. ಮೂವತ್ತು ವರ್ಷ ಊರಿನವರನ್ನೆಲ್ಲ ಅಣಕಿಸಿದ್ದ ನೆವಿಲ್ ಮೊದಲ ಸಲ ತನ್ನನ್ನೇ ಅಣಕಿಸಿದ. ಬೆಣ್ಣೆ ಸವರಿದ, ಬೆನ್ನು ತಟ್ಟುವ, ನಗುನಗುತ್ತ ಬಾಗಿಲು ತೆರೆಯುವ ದನಿ.

"ಅಯ್ಯೋ ಮಾರಾಯ, ಹ್ಯಾಂಗರಲ್ಲಿ ಧೂಳು ತಿನ್ನೋ ವಿಮಾನಕ್ಕೆ ಯಾವನು ಕೈ ಹಾಕ್ತಾನೆ? ಒಳ್ಳೇ ಗಿರಾಕಿ ಇದಾನೆ, ಟೆಕ್ಸಸ್‌ನವನು. ಜುಲೈ ಪ್ರದರ್ಶನಕ್ಕೆ ಕರೆಸ್ತೀನಿ. ಒಂದೇ ಒಂದು ಸಲ ಹಾರಿಸಿ ತೋರಿಸು. ನಿನ್ನ ಕತ್ತಿಗೆ ನಾನೇ ಎಣ್ಣೆ ಹಚ್ತೀನಿ ಬಾ!"

ಮತ್ತೆ ಡಂಕನ್. "ಒಂದೇ ಸಲ ತಾನೆ?"

"ಒಂದೇ ಸಲ."

ಕೆಟಲ್ ಆರಿಹೋಗಿತ್ತು. ನೆವಿಲ್ ಕಣ್ಣು ತೆರೆದಾಗ ರೋವೆನಾ ಅವನನ್ನು ನೋಡುತ್ತಿರಲಿಲ್ಲ. ನಡೆಯುತ್ತಿದ್ದ ಗಡಿಯಾರವನ್ನು ನೋಡುತ್ತಿದ್ದಳು.

"ಯಾವತ್ತು ಇದು?"

"ಜೂನ್ ಹತ್ತೊಂಬತ್ತು."

"ಇಪ್ಪತ್ತೊಂದಕ್ಕೆ ಟಿಕೆಟ್ ತಂದ. ಆಗಸ್ಟ್‌ಗೆ, ಪೋರ್ಚುಗಲ್‌ಗೆ. ಇಪ್ಪತ್ತೇಳು ವರ್ಷದಲ್ಲಿ ಮೊದಲ್ನೇ ಸಲ ಬೇಸಿಗೇಲಿ ಎಲ್ಲಾದ್ರೂ ಹೋಗೋಣ ಅಂದಿದ್ದ. ಇವನು ಯಾರನ್ನಾದ್ರೂ ಇಟ್ಕೊಂಡಿದಾನೇನೋ, ಅದಕ್ಕೇ ಇಷ್ಟು ಪ್ರೀತಿ ಅಂದ್ಕೊಂಡೆ ನಾನು. ನಗ್ತಾ ಅಂದೂಬಿಟ್ಟೆ ಅವನ ಹತ್ರ." ಗಡಿಯಾರದ ಪಟ್ಟಿಯನ್ನು ನೇರ ಮಾಡಿದಳು. "ನಿಂಗೆಷ್ಟು ನೆವ್, ನೂರಕ್ಕೆ?"

"ಆರು."

"ಆರು," ಎಂದು ಅವಳೂ ಹೇಳಿದಳು.

"ರೋ, ನಾನು ಗೊತ್ತಿದ್ದೂ ಮಾಡ್ಲಿಲ್ಲ. ಎಲ್ಲರಿಗೂ ಹೇಳೋ ಮಾತದು. ಮಾರೋ ಮುಂಚೆ ಎಲ್ಲರೂ ಒಂದು ಸಲ..."

"ಗೊತ್ತು. ನೀನು ಕೆಟ್ಟವನಲ್ಲ. ಕೆಟ್ಟವನಾಗಿದ್ರೆ ನಂಗೆ ಸುಲಭ ಆಗ್ತಿತ್ತು." ಅವಳು ಉಂಗುರವನ್ನೂ ಗಡಿಯಾರವನ್ನೂ ಲಕೋಟೆಗೆ ಹಾಕಿದಳು. ತಗಡು ಮೇಜಿನ ಮೇಲೇ ಉಳಿಯಿತು. "ಭಾನುವಾರದ ಮಾತು ಹೇಳಿದ್ನಲ್ಲ, ಅದೊಂದನ್ನ ಇನ್ನೊಂದ್ಸಲ ಹೇಳು. ಅವನದ್ದು ಮಾತ್ರ. ನಿಂದು ಬೇಡ."

ನೆವಿಲ್ ಹೇಳಿದ. ಸಮುದ್ರದ ಮುಂದೆ ಕೂರಿಸಿ, ಇನ್ಮೇಲೆ ಭಾನುವಾರ ಎಲ್ಲ ನಿಂದೇ ಕಣೇ.

ರೋವೆನಾ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಸಾಕು. ಇನ್ನು ಯಾರ ಮುಂದೂ ಅವನ ದನಿ ಮಾಡ್ಬೇಡ. ಒಬ್ನೇ ಇದ್ದಾಗ್ಲೂ ಮಾಡ್ಬೇಡ. ಅದು ನಿಂದಲ್ಲ. ಹೋಗು ನೆವ್, ಟೀ ಕುಡಿಯೋದೇನೂ ಬೇಡ."

ಮೂರು ಗಂಟೆಗೆ ಸರಿಯಾಗಿ ಡ್ವೇನ್ ಹಾಲಿಸ್ಟರ್ ಬಂದ. ಟೊಪ್ಪಿ ನೆವಿಲ್ ಮಾಡಿ ತೋರಿಸಿದ್ದಕ್ಕಿಂತ ದೊಡ್ಡದಿತ್ತು, ಮನುಷ್ಯ ಮಾತ್ರ ಅದಕ್ಕಿಂತ ಮೆತ್ತಗಿದ್ದ. ಚೂರುಗಳ ತಟ್ಟೆಗಳ ನಡುವೆ ಕಾಲು ಎತ್ತೆತ್ತಿ ಇಟ್ಟು ನಡೆದ, ಮಲಗಿದವರ ಮಧ್ಯೆ ನಡೆಯುವ ಹಾಗೆ. ಬಗ್ಗಿದ ಒಂದು ಕೊಳವೆಯನ್ನು ಮುಟ್ಟಬಹುದೇ ಎಂದು ರೆಗ್‌ನನ್ನು ಕಣ್ಣಲ್ಲೇ ಕೇಳಿ, ಆಮೇಲೆ ಮುಟ್ಟಿದ.

"ತಗಡು ಬರಲ್ಲ ಡ್ವೇನ್," ನೆವಿಲ್ ಹೇಳಿದ. "ನಿಮ್ಮನ್ನ ಇಷ್ಟು ದೂರ ಕರೆಸಿದೆ, ಕ್ಷಮಿಸಿ."

"ಯಾಕೆ ಸಾರ್? ಬೆಲೆ ಸಾಲದಾ?"

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ರೋವೆನಾ ಒಳಗೆ ಬಂದಳು. ಜುಲೈ ಆದಮೇಲೆ ಅವಳು ಈ ಹ್ಯಾಂಗರಿಗೆ ಬಂದಿದ್ದು ಅದೇ ಮೊದಲು. ರೆಗ್ ಟೋಪಿ ತೆಗೆದ, ಡ್ವೇನ್ ಟೊಪ್ಪಿ ತೆಗೆದ, ನೆವಿಲ್‌ನ ತಲೆಯ ಮೇಲೆ ತೆಗೆಯಲು ಏನೂ ಇರಲಿಲ್ಲ.

"ಅಮ್ಮಾವ್ರೆ," ಡ್ವೇನ್ ಮುಂದೆ ಬಂದ. "ನಿಮ್ಮ ದುಃಖದಲ್ಲಿ ತೊಂದ್ರೆ ಕೊಡ್ತಿದೀನಿ. ಈ ಹಕ್ಕಿ ಬಗ್ಗೆ ನಾನು ದೂರದಿಂದ ಕೇಳಿದ್ದಷ್ಟೇ. ಜುಲೈನಲ್ಲಿ ನಾನು ನಮ್ಮೂರಲ್ಲಿ ದನ..."

"ಜುಲೈನಲ್ಲಿ ನೀವು ಇಲ್ಲಿದ್ರಿ," ರೋವೆನಾ ಹೇಳಿದಳು.

ಡ್ವೇನ್ ನೆವಿಲ್‌ನತ್ತ ನೋಡಿದ. ನೆವಿಲ್ ನೆಲ ನೋಡಿದ.

"ಹೌದು ಅಮ್ಮಾವ್ರೆ. ಇದ್ದೆ."

"ಎಲ್ಲಿ ನಿಂತಿದ್ರಿ?"

"ಬೇಲಿ ಪಕ್ಕ. ಬಿಳಿ ಡೇರೆ ಇತ್ತಲ್ಲ, ಅದರ ಮುಂದೆ."

"ನಾನು ಟೀ ಸಾಲಲ್ಲಿದ್ದೆ. ಬೆನ್ನು ಆ ಕಡೆಗಿತ್ತು. ಶಬ್ದ ಕೇಳ್ತು. ಎಲ್ಲರ ಮುಖ ನೋಡ್ದೆ. ಅದಕ್ಕೆ ಮುಂಚೆ ಹೇಗೆ ಹಾರಿಸ್ತಿದ್ದ ಅಂತ ನಾನು ನೋಡ್ಲೇ ಇಲ್ಲ. ಯಾರೂ ಹೇಳೂ ಇಲ್ಲ, ಎಲ್ಲರೂ ಕೊನೇದನ್ನೇ ಹೇಳ್ತಾರೆ. ಮೊದಲಿನದನ್ನ ನೀವು ಹೇಳಿ."

ಡ್ವೇನ್ ಟೊಪ್ಪಿಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ. "ತುಂಬಾ ಚೆನ್ನಾಗಿ, ಅಮ್ಮಾವ್ರೆ. ಮೊದಲ್ನೇ ಸುತ್ತು ಮರದ ಮೇಲಿಂದ ಬಂದು, ನೀರು ಸುರಿದ ಹಾಗೆ ಕೆಳಗಿಳಿದ್ರು. ಎರಡನೇ ಸುತ್ತಲ್ಲಿ ಹೊಟ್ಟೆ ತೋರಿಸ್ಕೊಂಡು ಹೋದ್ರಲ್ಲ, ಆಗ ಪಕ್ಕದಲ್ಲಿದ್ದ ಒಬ್ಬ ಅಜ್ಜ ಅತ್ತುಬಿಟ್ಟ. ನಾನಂತೂ..." ಒಳ್ಳೆಯ ಮಾತು ಹೇಳುತ್ತಿದ್ದೇನೆ ಎಂದೇ ಅವನು ಮುಂದುವರಿಸಿದ. "ನಾನಂತೂ ಎರಡನೇ ಸುತ್ತಿಗೇ ತೀರ್ಮಾನ ಮಾಡ್ಬಿಟ್ಟೆ, ಇದನ್ನ ಕೊಂಡೇ ಹೋಗೋದು ಅಂತ."

ರೆಗ್ ಕೈಯಲ್ಲಿದ್ದ ಚೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ನಿಂತ.

"ಅವನು ಬಿದ್ದಿದ್ದು ಮೂರನೇ ಸುತ್ತಲ್ಲಿ, ಅಲ್ವಾ?" ರೋವೆನಾ ಕೇಳಿದಳು.

ಆಗ ಡ್ವೇನ್‌ಗೆ ತಾನು ಹೇಳಿದ್ದು ಏನೆಂದು ತಿಳಿಯಿತು. ಅವನ ಅಗಲ ಮುಖ ಒಂದೇ ಸಲಕ್ಕೆ ಮುದುಡಿತು. "ಅಮ್ಮಾವ್ರೆ, ನಾನು..."

"ನಿಮ್ಮ ತಪ್ಪಲ್ಲ. ಕೊಂಡೆ, ಸಾಕು ಅಂತ ಅಲ್ಲಿಂದ ಕೂಗಿದ್ರೆ ಅವನಿಗೆ ಕೇಳಿಸ್ತಿತ್ತಾ?" ಅವಳು ಕೋಟಿನ ಜೇಬಿಗೆ ಕೈ ಹಾಕಿ ತಗಡನ್ನು ತೆಗೆದಳು. "ಇದನ್ನ ಮಾರ್ಬೇಕು ಅಂತ ಅವನಿಗಿತ್ತು. ಮಾರ್ತಿದೀನಿ. ಬೆಲೆ ನೀವು ಹೇಳಿದ್ದೇ ಇರ್ಲಿ."

ಥಾರ್ನ್‌ಫೆನ್‌ನಲ್ಲಿ ವ್ಯಾಪಾರ ಕಾಗದದ ಮೇಲೆ ಆಗುವುದು ಆಮೇಲೆ. ಮೊದಲು ಕೊಟ್ಟವರೂ ಕೊಂಡವರೂ ವಿಮಾನದ ಮೂತಿಯ ಪಂಖದ ಒಂದೇ ಅಲಗನ್ನು ಹಿಡಿದು ನಿಲ್ಲಬೇಕು. ದಲ್ಲಾಳಿ ಅದರ ಮೇಲೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಬೇಕು. ತಟ್ಟಿದ ಮೇಲೆ ಮಾತು ತಿರುಗಿಸುವಂತಿಲ್ಲ. ಹರಿಕೇನಿನ ಮರದ ಅಲಗುಗಳಲ್ಲಿ ಎರಡು ಚಕ್ಕೆಚಕ್ಕೆಯಾಗಿದ್ದವು. ಮೂರನೆಯದರ ಬುಡ, ಮೊಳದುದ್ದ, ಉಳಿದಿತ್ತು. ಯಾರೂ ಕೇಳದೆ ರೆಗ್ ಅದನ್ನು ಎತ್ತಿಕೊಂಡು ಬಂದು ಮುಂದೊಡ್ಡಿದ. ರೋವೆನಾ ಒಂದು ಕಡೆ ಹಿಡಿದಳು, ಡ್ವೇನ್ ಒಂದು ಕಡೆ.

ನೆವಿಲ್ ಅಭ್ಯಾಸಬಲದಿಂದ ಮುಂದೆ ಬಂದು ಕೈ ಎತ್ತಿದ.

"ರೆಗ್," ರೋವೆನಾ ಹೇಳಿದಳು, "ನೀನು ತಟ್ಟು."

ರೆಗ್ ನೆವಿಲ್‌ನ ಮುಖ ನೋಡಲಿಲ್ಲ. ಗ್ರೀಸಿನ ಕೈಯಿಂದ ಮೂರು ಸಲ ತಟ್ಟಿದ. ಒಡೆದ ಮರವಾದ್ದರಿಂದ ಸದ್ದು ಪೊಳ್ಳಾಗಿ ಬಂತು.

ರೋವೆನಾ ತಗಡನ್ನು ಡ್ವೇನ್‌ನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಮಡಚಿ ಬಾಗಿಲ ಕಡೆ ಹೊರಟಳು. ನೆವಿಲ್ ಹಿಂದೆಯೇ ಹೋದ.

"ರೋ, ನನ್ನ ಪಾಲು ನಂಗೆ ಬೇಡ. ಒಂದು ಪೆನ್ನಿಯೂ ಬೇಡ."

ಅವಳು ನಿಂತಳು. "ಬೇಡ ಅಂದ್ರೆ ಆಗಲ್ಲ ನೆವ್. ನೀನು ಗಿರಾಕಿ ಕರೆಸ್ದೆ, ಅವನು ಕೊಂಡ. ಆರು ಅಂದ್ರೆ ಆರು. ನೀನು ತಗೊಳ್ಲೇಬೇಕು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೋರ್ಡಿನ ಮೇಲೆ ಬರೆದು ತೋರಿಸುವಾಗಿನ ದನಿ. "ಅದನ್ನ ಬಿಟ್ಟುಕೊಟ್ಟು ಮನಸ್ಸು ಹಗುರ ಮಾಡ್ಕೋಬಹುದು ಅಂದ್ಕೊಂಡ್ಯಾ? ಆಗಲ್ಲ. ಚೆಕ್ ಅಂಚೇಲಿ ಕಳಿಸ್ತೀನಿ. ಮನೆಗೆ ಬರೋದು ಬೇಡ."

ಕಾರು ಹುಲ್ಲಿನ ಅಂಚು ಬಳಸಿಕೊಂಡು ಗೇಟಿನತ್ತ ಹೋಯಿತು. ಅಷ್ಟು ಹೊತ್ತಿಗೇ ಬೆಳಕು ಇಳಿಯತೊಡಗಿತ್ತು. ನೆವಿಲ್ ಒಳಗೆ ಬಂದಾಗ ಡ್ವೇನ್ ಮುಷ್ಟಿ ಬಿಚ್ಚದೆ ಹಾಗೇ ನಿಂತಿದ್ದ.

"ಎರಡು ವರ್ಷ ಬೇಕಾಗುತ್ತೆ ಕಟ್ಟೋಕೆ," ಅವನು ಮೆಲ್ಲಗೆ ಅಂದ. "ಮತ್ತೆ ಹಾರೋ ದಿನ ಆ ತಾಯಿ ಬರ್ತಾರಾ ಸಾರ್? ನಾನೇ ಟಿಕೆಟ್ ಕಳಿಸ್ತೀನಿ."

"ಗೊತ್ತಿಲ್ಲ."

"ನೀವು?"

ನೆವಿಲ್ ಬಾಯಿ ತೆರೆದ. ಇಂಥ ಹೊತ್ತಿಗೆಂದು ಅವನ ಹತ್ತಿರ ಸದಾ ಯಾರದಾದರೊಂದು ದನಿ ಇರುತ್ತಿತ್ತು, ಜನ ನಗುತ್ತಿದ್ದರು, ಮಾತು ದಾಟಿಹೋಗುತ್ತಿತ್ತು. ಅವನು ಮತ್ತೆ ಬಾಯಿ ಮುಚ್ಚಿಕೊಂಡ. ಹ್ಯಾಂಗರಿನ ಆ ಮೂಲೆಯಲ್ಲಿ ರೆಗ್ ಒಬ್ಬನೇ ಬಾಲದ ಚೌಕಟ್ಟನ್ನು ಪೆಟ್ಟಿಗೆಯತ್ತ ಎಳೆಯುತ್ತಿದ್ದ. ನೆವಿಲ್ ಹೋಗಿ ಇನ್ನೊಂದು ತುದಿ ಹಿಡಿದ.

"ಮೆಲ್ಲಗೆ," ರೆಗ್ ಹೇಳಿದ. "ನಿನ್ನ ಕಡೆ ಚೂಪಿದೆ."